ರುಖವತ್ತಿನ ಮೇಜಿಗೆ ಹೋದ ಇಂಗ್ಲಿಷ್ ಬೆಳ್ಳಿ

ನಮ್ಮ ಕಡೆ ಮದುವೆಯಲ್ಲಿ ರುಖವತ್ತು ಅಂತ ಒಂದು ಪದ್ಧತಿ ಇದೆ. ಮರಾಠಿ ಮಂದಿಯಿಂದ ನಮಗೆ ಬಂದದ್ದೋ, ಮೊದಲಿನಿಂದ ನಮ್ಮಲ್ಲೇ ಇದ್ದದ್ದೋ ನನಗೆ ಗೊತ್ತಿಲ್ಲ. ಮಂಟಪದ ಮಗ್ಗುಲಿಗೆ ಉದ್ದನೆಯ ಮೇಜು ಹಾಕಿ, ಹೆಣ್ಣಿನ ತಾಯಿ ಮಗಳಿಗಾಗಿ ಮಾಡಿದ್ದು, ಕೊಂಡದ್ದು, ಕೈಯಾರೆ ಹೆಣೆದದ್ದು ಎಲ್ಲವನ್ನೂ ಅದರ ಮೇಲೆ ಒಪ್ಪವಾಗಿ ಜೋಡಿಸುತ್ತಾರೆ. ಬಂದವರು ಮೇಜಿನ ಸುತ್ತ ಒಮ್ಮೆ ತಿರುಗಿ, ಮೂಗು ಮುರಿಯುವವರು ಮುರಿದು, ಹೊಗಳುವವರು ಹೊಗಳಿ, ಆಮೇಲೆ ಊಟಕ್ಕೆ ಹೋಗುತ್ತಾರೆ. ಸಂಜೆ ಹೆಣ್ಣನ್ನು ಕಳಿಸುವ ಹೊತ್ತಿಗೆ ಮೇಜಿನ ಮೇಲಿದ್ದದ್ದೆಲ್ಲ ಗಂಡಿನ ಮನೆಯವರ ಪಾಲು. ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಹೆಣ್ಣಿನ ಹಿಂದೆ ತಾನಾಗಿ ಹೋಗುತ್ತದೆ. ನನ್ನ ಬೆಳ್ಳಿ ಹಾಗೆ ಹೋಯಿತು.

ನನ್ನ ಬೆಳ್ಳಿ ಅಂದರೆ ಒಡವೆಯಲ್ಲ. ಇಂಗ್ಲಿಷರ ಕಾಲದ ಚಮಚ, ಉಪ್ಪಿನ ಬಟ್ಟಲು, ಸಕ್ಕರೆ ಗಡ್ಡೆ ಎತ್ತುವ ಇಕ್ಕಳ, ಇಂಥವು. ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದ ಒಬ್ಬ ಗೃಹಿಣಿ, ಬೆಳಿಗ್ಗೆ ಲಿಂಗಪೂಜೆಯಾಗದೆ ನೀರು ಕುಡಿಯದವಳು, ದೊರೆಗಳ ಊಟದ ಸಾಮಾನು ಕೂಡಿಸಿದಳು ಅಂದರೆ ಕೇಳಿದವರು ನಗುತ್ತಾರೆ. ನಗಲಿ. ನಮ್ಮ ಮನೆಯಲ್ಲೂ ನಕ್ಕಿದ್ದರು.

ಶುರುವಾದದ್ದು ಮೋಡಿನ ಅಂಗಡಿಯಿಂದ. ಒಡೆದ, ತೂತು ಬಿದ್ದ, ಹಳೆಯ ಪಾತ್ರೆಗಳನ್ನು ನಾವು ಮೋಡು ಅನ್ನುತ್ತೇವೆ. ಅದನ್ನು ಪಾತ್ರೆ ಅಂಗಡಿಗೆ ಹಾಕಿ ಬದಲಿಗೆ ಹೊಸದು ತರುವುದು ವಾಡಿಕೆ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಅಂಗಡಿಯ ಹಿಂದೆ ಆಳೆತ್ತರದ ರಾಶಿ ಇರುತ್ತಿತ್ತು. ಸಾಸ್ತೂರಿನ ಕಡೆಯಿಂದ, ತೊಂಬತ್ತಮೂರರ ಭೂಕಂಪದ ಮಣ್ಣಿನಡಿಯಿಂದ ತೆಗೆದ ಪಾತ್ರೆಗಳೂ ಅದರಲ್ಲಿದ್ದವು. ನಜ್ಜುಗುಜ್ಜಾದ ತಂಬಿಗೆ, ಚಪ್ಪಟೆಯಾದ ಕೊಡ. ಆ ರಾಶಿಗೆ ನಾನು ಎಂದೂ ಕೈ ಹಾಕಲಿಲ್ಲ. ಅದರ ಪಕ್ಕದಲ್ಲಿ ಬೇರೆ ಒಂದು ಬುಟ್ಟಿ. ಅದರೊಳಗೆ ಉದಗೀರ, ನಿಲಂಗಾ ಕಡೆಯ ದೊಡ್ಡ ಮನೆಗಳಿಂದ ಬಂದ ಚಿಲ್ಲರೆ ಸಾಮಾನು. ನಿಜಾಮರ ಕಾಲದಲ್ಲಿ ಕಚೇರಿ ನಡೆಸಿದವರ ಮನೆಗಳು ಅವು. ಹೈದರಾಬಾದಿಗೆ ಹೋಗಿ ಬಂದು ಮಾಡುತ್ತಿದ್ದ ಆ ಜನ ದೊರೆಗಳಿಗೆ ಚಹಾ ಕೊಡಲು ಇಂಥವನ್ನು ತಂದಿಟ್ಟುಕೊಂಡಿದ್ದರಂತೆ. ಮೊಮ್ಮಕ್ಕಳ ಕಾಲಕ್ಕೆ ಅವು ಯಾತಕ್ಕೆ ಬರುತ್ತವೆ ಎಂಬುದೇ ಮರೆತು ಬುಟ್ಟಿಗೆ ಬಿದ್ದವು.

ಅಲ್ಲಿ ನನಗೆ ಒಂದು ಚಮಚ ಸಿಕ್ಕಿತು. ಕಿರುಬೆರಳಿನಷ್ಟು ಉದ್ದ, ತುದಿಯಲ್ಲಿ ಬಟಾಣಿ ಕಾಳಿನಷ್ಟು ಗುಣಿ.

"ತಾಯಿ, ಚಾಂದೀ ಅದ ಅದು, ಖರೇ ಚಾಂದೀ," ಅಂದ ಅಂಗಡಿಯವನು. "ಆದ್ರ ಯಾತಕ್ಕ ಬರ್ತದ ದೇವರಿಗೇ ಗೊತ್ತು. ಇರುವಿಗೆ ಊಟಕ್ಕ ಹಾಕಲಿಕ್ಕ ಇರಬೇಕು."

ತವರಿನಿಂದ ತಂದ ಒಂದು ಹಿತ್ತಾಳೆ ತಟ್ಟೆ ಕೊಟ್ಟು ಅದನ್ನು ತಂದೆ. ಉಪ್ಪಿನ ಚಮಚ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಯಾಕೆ ಬೇಕಾಯಿತು ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗ ಹೇಳಬಲ್ಲೆ. ನಮ್ಮ ಮನೆಯ ಪ್ರತಿ ಪಾತ್ರೆಯ ಮೇಲೂ ಗಂಡನ ಅಜ್ಜನ ಹೆಸರು ಕೊರೆದಿತ್ತು. ಉಡುವ ಸೀರೆಯನ್ನು ಅತ್ತೆ ಆರಿಸುತ್ತಿದ್ದರು, ಮಾಡುವ ಪಲ್ಯವನ್ನು ಮಾವ ಹೇಳುತ್ತಿದ್ದರು. ಈ ಚಮಚದ ಹಿಡಿಯ ಮೇಲೂ ಎರಡು ಇಂಗ್ಲಿಷ್ ಅಕ್ಷರ ಇದ್ದವು. ಆದರೆ ಆ ಅಕ್ಷರದವರು ಸತ್ತು ಮಣ್ಣಾಗಿ ಎಷ್ಟು ಕಾಲವೋ. ಕೇಳಿಕೊಂಡು ಬರುವವರು ಯಾರೂ ಇಲ್ಲ. ಯಾರದೂ ಅಲ್ಲದ್ದು ನನ್ನದಾಗಬಹುದಿತ್ತು. ಅಷ್ಟೇ.

ಹಾಗೆ ಕೂಡುತ್ತ ಹೋಯಿತು. ಹಬ್ಬಕ್ಕೆ ವಲಾಂಡಿ ಹತ್ತಿರದ ತವರಿಗೆ ಹೋದಾಗ ದಾರಿಯಲ್ಲಿ ನಿಲಂಗಾದಲ್ಲಿ ಇಳಿದು ಅಲ್ಲಿಯ ಪಾತ್ರೆ ಅಂಗಡಿ ನೋಡುತ್ತಿದ್ದೆ. ಉದಗೀರಿಗೆ ಮದುವೆ ಮುಂಜಿಗೆ ಹೋದರೆ ಹಳೆ ಪೇಟೆಯ ಒಂದು ಸುತ್ತು. ಒಂದು ಕೈಗಂಟೆ ಸಿಕ್ಕಿತು, ಆಳನ್ನು ಕರೆಯಲು ಬಾರಿಸುವಂಥದ್ದು. ನೀಲಿ ಗಾಜಿನ ಒಳಬಟ್ಟಲಿದ್ದ ಸಾಸಿವೆಯ ಡಬ್ಬಿ ಸಿಕ್ಕಿತು. ಹಕ್ಕಿಯ ಆಕಾರದ, ಬೆನ್ನ ಮೇಲೆ ಸೂಜಿ ಚುಚ್ಚಿಡುವ ಮೆತ್ತೆಯಿದ್ದ ಒಂದು ಪುಟ್ಟ ಸಾಮಾನು ಸಿಕ್ಕಿತು. ಮೆತ್ತೆಯನ್ನು ಇಲಿ ತಿಂದಿತ್ತು, ಹಕ್ಕಿ ಹಾಗೇ ಇತ್ತು. ಸಾಲಾಗಿ ಕಮಾನುಗಳಿದ್ದ ಒಂದು ಸಾಮಾನಿನ ಬಗ್ಗೆ ಮಾತ್ರ ಮನೆಯಲ್ಲಿ ಬಹಳ ಚರ್ಚೆ ನಡೆಯಿತು. ಅತ್ತೆ ಅದನ್ನು ಹಪ್ಪಳ ಆರಿಸುವ ಸಾಧನ ಅಂದರು, ಮಾವ ಟಪಾಲು ಇಡುವುದು ಅಂದರು. ಸುಟ್ಟ ಬ್ರೆಡ್ಡನ್ನು ನಿಲ್ಲಿಸಿಡುವುದು ಎಂದು ಕೊನೆಗೆ ತಿಳಿದಾಗ ಅತ್ತೆ ಹಣೆ ಬಡಿದುಕೊಂಡರು.

"ಬ್ರೆಡ್ಡಿಗೆ ಸಿಂಹಾಸನ! ಅದಕ್ಕ ಅವ್ರ ರಾಜ್ಯ ಹೋತ ನೋಡು."

ಆದರೆ ಅವನ್ನು ಅಡುಗೆಮನೆಗೆ ಬಿಡಲಿಲ್ಲ. "ಮಾಂಸಾ ತಿಂದ ಬಾಯಾಗಿನ ಚಮಚಾ. ನನ್ನ ಒಲೀ ಕಡಿ ತರಬ್ಯಾಡ" ಅಂದರು. ನಾನೂ ಒತ್ತಾಯ ಮಾಡಲಿಲ್ಲ, ಆ ವಿಷಯದಲ್ಲಿ ನನ್ನ ಮನಸ್ಸೂ ಅವರ ಹಾಗೇ ಇತ್ತು. ಕಬ್ಬಿಣದ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಸೋಮವಾರ ಪೂಜೆಯಾದ ಮೇಲೆ, ವಿಭೂತಿ ಗಟ್ಟಿಯಿಂದ ಉದುರಿದ ಪುಡಿಯನ್ನು ಬಟ್ಟೆಯ ಚೂರಿಗೆ ಹಚ್ಚಿ ಒಂದೊಂದನ್ನೇ ಉಜ್ಜುತ್ತಿದ್ದೆ. ಬೆಳ್ಳಿಗೆ ಅದಕ್ಕಿಂತ ನುಣುಪಾದ ಪುಡಿ ಬೇರೆ ಇಲ್ಲ. ಆಸೆ ಒಳ್ಳೆಯದಲ್ಲ ಎಂದು ಕಲಿತು ಬೆಳೆದವಳು ನಾನು. ಉಜ್ಜುವಾಗ ದೇವರ ಕಡೆ ನೋಡಿ, ಇಷ್ಟು ಒಂದನ್ನು ಬಿಟ್ಟುಬಿಡು ತಂದೆ, ಬೇರೆ ಏನೂ ಕೇಳಿಲ್ಲ ಅನ್ನುತ್ತಿದ್ದೆ.

ಮಗಳು ದೊಡ್ಡವಳಾದಂತೆ ನನ್ನ ಜೊತೆ ಕೂರತೊಡಗಿದಳು. ಕಾಲೇಜಿಗೆ ಹೋಗುವಾಗ ಅವಳ ಕೈಗೆ ಫೋನು ಬಂತು. ಚಮಚದ ಬೆನ್ನಿಗಿದ್ದ ಎಳ್ಳುಕಾಳಿನಂಥ ಮುದ್ರೆಗಳನ್ನು ಅದರಲ್ಲಿ ದೊಡ್ಡದು ಮಾಡಿ ತೋರಿಸಿದಳು. ನಡೆದು ಹೊರಟ ಸಿಂಹ ಇದ್ದರೆ ಅದು ಅಸಲು ಬೆಳ್ಳಿ. ಹಡಗಿನ ಲಂಗರು ಇದ್ದರೆ ಒಂದು ಊರಿನದು, ಚಿರತೆಯ ಮುಖ ಇದ್ದರೆ ಲಂಡನ್ನಿನದು. ಪಕ್ಕದ ಒಂಟಿ ಅಕ್ಷರ ವರ್ಷ ಹೇಳುತ್ತದೆ. ಸಿಂಹ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರ ಸಾಲಾಗಿದ್ದರೆ ಅದು ಗಿಲೀಟು, ಒಳಗೆ ಬೇರೆ ಲೋಹ. ನಮ್ಮಲ್ಲಿ ಅರ್ಧದಷ್ಟು ಗಿಲೀಟೇ ಇದ್ದವು. ಹಾಗಂತ ನಾನು ಅವನ್ನು ಬೇರೆ ಇಡಲಿಲ್ಲ. ನೀಲಿ ಗಾಜಿನ ಸಾಸಿವೆ ಡಬ್ಬಿ ಗಿಲೀಟಿನದು. ಎಲ್ಲಕ್ಕಿಂತ ಚೆಂದ ಅದೇ ಇತ್ತು.

"ಅವ್ವಾ, ಸಿಂಹ ಸಿಕ್ತು!" ಎಂದು ಅವಳು ಕೂಗಿದರೆ ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬರುತ್ತಿದ್ದೆ. ನನ್ನ ಸಂಸಾರದಲ್ಲಿ ಸುಖದ ದಿನ ಯಾವುವು ಅಂದರೆ ಆ ದಿನಗಳು.

ಮುಂದೆ ಉದಗೀರಿನ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಕುಡಿತ ಇಲ್ಲ, ಮನೆಗೆ ಹೊಲ ಇದೆ, ಅಂಗಡಿ ಇದೆ. ಮದುವೆ ಉಮರ್ಗಾದಲ್ಲೇ, ಮಂಗಲ ಕಾರ್ಯಾಲಯದಲ್ಲಿ, ಅಂದರೆ ಕಲ್ಯಾಣಮಂಟಪದಲ್ಲಿ. ಬೆಳಿಗ್ಗೆ ನಾನು ಅಲ್ಲಿಯ ಒಳಗಿನ ಕೋಣೆಯಲ್ಲಿ ಮಗಳಿಗೆ ಅರಿಷಿಣದ ನೀರು ಹಾಕಿಸುತ್ತಿದ್ದೆ. ಹೊರಗೆ ರುಖವತ್ತಿನ ಮೇಜನ್ನು ನನ್ನ ನಾದಿನಿ ಜೋಡಿಸುತ್ತಿದ್ದಳು. ನಾನು ಎತ್ತಿಟ್ಟದ್ದು ಕುರಡಿಗೆ ಸಂಡಿಗೆ, ಹಪ್ಪಳ, ಬಣ್ಣದ ಕೊಬ್ಬರಿ ಬಟ್ಟಲು, ಲಾಡು, ಸ್ಟೀಲಿನ ಡಬ್ಬಿಗಳು, ಮಣಿಯ ತೋರಣ. ಅವಳಿಗೆ ಸಾಲದೆನಿಸಿತು. ಅಣ್ಣನ ಬಳಿಗೆ ಹೋಗಿ, "ಅಣ್ಣಾ, ಟೇಬಲ್ ಬರೇ ಬೋಳ ಕಾಣಸ್ತದ. ಉದಗೀರ ಮಂದಿ ನಾಕ ಮಂದ್ಯಾಗ ನಗ್ತಾರ. ವೈನಿ ಕಪಾಟಿನ್ಯಾಗಿನ ಸಾಮಾನ ತರ್ಲೇನು?" ಅಂದಳಂತೆ. ನಮ್ಮವರು ಬೀಗದ ಕೈ ಕೊಟ್ಟರು, ಅವಳು ಮನೆಗೆ ಹೋಗಿ ತಂದಳು. ನಾನು ಇದ್ದದ್ದು ಗೋಡೆಯ ಆಚೆ. ಒಂದು ಮಾತು ಕೇಳಲು ಬಾಗಿಲು ಬಡಿದಿದ್ದರೆ ಸಾಕಿತ್ತು.

ಮಗಳನ್ನು ಕರೆದುಕೊಂಡು ಹೊರಗೆ ಬಂದಾಗ ಕಿಟಕಿಯ ಬಿಸಿಲು ನೆಟ್ಟಗೆ ಮೇಜಿನ ಮೇಲೆ ಬಿದ್ದಿತ್ತು. ಲಾಡುಗಳ ನಡುವೆ ನನ್ನ ಬೆಳ್ಳಿ. ಬ್ರೆಡ್ಡಿನ ಕಮಾನುಗಳಲ್ಲಿ ಒಂದೊಂದು ಹಪ್ಪಳ ನಿಲ್ಲಿಸಿದ್ದರು. ಜನ ಫೋನು ಹಿಡಿದು ಫೋಟೊ ತೆಗೆಯುತ್ತಿದ್ದರು. ಸುಳ್ಳು ಹೇಳಬಾರದು, ಒಂದು ಗಳಿಗೆ ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಕತ್ತಲಲ್ಲಿ ಇದ್ದದ್ದನ್ನು ನಾಲ್ಕು ಜನ ನೋಡಿದರು. ಆಮೇಲೆ ಮೇಜು ಯಾವ ಮೇಜು ಎಂಬುದು ತಲೆಗೆ ಹೋಯಿತು.

ನಾದಿನಿಯನ್ನು ಪಕ್ಕಕ್ಕೆ ಕರೆದೆ. "ಇವನ್ನ ಒಳಗ ಇಡು. ಈಗ ಇಡು."

"ಏನ ವೈನಿ ನೀವು! ಮೇಜಿನ ಮ್ಯಾಲ ಇಟ್ಟದ್ದು ತಿರಗಿ ತಗೀತಾರೇನು? ಎಲ್ಲಾರೂ ಫೋಟೋ ಹೊಡದಾರ. ಬೀಗರು ಏನಂದಾರು?"

"ನನ್ನ ಕೇಳಿದ್ದೇನ ನೀ?"

"ಮಗಳ ಲಗ್ನದಾಗ ಹಿಂಗ ಜೀವ ಹಿಡೀತಾರೇನ್ರಿ ಯಾರಾದ್ರೂ?"

ಗಂಡನ ಬಳಿಗೆ ಹೋದೆ. ಅವರು ಅಡುಗೆಯವರ ಜೊತೆ ಮಾತಿನಲ್ಲಿದ್ದರು. "ಮಗಳಿಗೇ ಹೋಗ್ತಾವಲ್ಲ ಮಾರಾಯ್ತಿ, ಹೊರಗಿನವ್ರಿಗೇನ ಹೋಗ್ತಾವ? ನಡಿ, ಅಕ್ಷತಾಕ್ಕ ಹೊತ್ತಾತು" ಅಂದರು. ಮಂಟಪ ತುಂಬಿತ್ತು. ಅಕ್ಷತೆಯ ತಟ್ಟೆ ಎತ್ತಿಕೊಂಡೆ. ಸಂಜೆ ಗಂಡಿನ ಕಡೆಯ ಹೆಂಗಸರು ಒಂದು ರಟ್ಟಿನ ಡಬ್ಬಿಗೆ ಎಲ್ಲವನ್ನೂ ತುಂಬಿದರು. ಕೈಗಂಟೆ ಒಳಗೆ ಬಿದ್ದು ಒಮ್ಮೆ ಠಣ್ ಅಂದಿತು. ಮಗಳನ್ನು ಕಳಿಸುವಾಗ ಅತ್ತುಬಿಟ್ಟೆ. ಯಾವುದಕ್ಕೆ ಎಷ್ಟು ಅತ್ತೆ ಎಂದು ದೇವರು ವಿಂಗಡಿಸಿಕೊಳ್ಳಲಿ.

ಹೋಗಲಿ, ಮಗಳ ಹತ್ತಿರ ಇವೆಯಲ್ಲ, ಅವಳು ಬಲ್ಲವಳು, ಅವಳಿಗೇ ಸೇರಬೇಕಾದದ್ದು ನಾಲ್ಕು ದಿನ ಮೊದಲೇ ಸೇರಿತು ಎಂದು ಸಮಾಧಾನ ಮಾಡಿಕೊಂಡೆ. ಮುಂದೆ ಅವಳ ಬಾಣಂತನ ನಮ್ಮಲ್ಲೇ ಆಯಿತು. ಗಂಡು ಕೂಸು. ತಾಯಿ ಮಗ ಇಬ್ಬರೂ ಗಟ್ಟಿ. ಆ ದಯೆಯನ್ನು ಇವತ್ತಿಗೂ ಮರೆತಿಲ್ಲ. ಕೂಸಿನ ಜೊತೆ ಅವಳನ್ನು ಬಿಟ್ಟುಬರಲು ಉದಗೀರಿಗೆ ಹೋದಾಗ ಅವರ ಪಡಸಾಲೆಯ ಶೋಕೇಸಿನಲ್ಲಿ ನನ್ನ ಬೆಳ್ಳಿ ಕಂಡಿತು. ಯಾರೂ ಒರೆಸದೆ ಕಪ್ಪಾಗಿತ್ತು. ಬ್ರೆಡ್ಡಿನ ಕಮಾನಿನಲ್ಲಿ ಕರೆಂಟಿನ ಬಿಲ್ಲು ಸಿಕ್ಕಿಸಿದ್ದರು. ಟಪಾಲು ಇಡುವುದು ಅಂದಿದ್ದ ನಮ್ಮ ಮಾವನವರ ಮಾತು ನಿಜವಾಯಿತು ಅಂದುಕೊಂಡೆ.

ಚಹಾ ಕುಡಿಯುವಾಗ ಬೀಗಿತಿ, ಅಂದರೆ ಮಗಳ ಅತ್ತೆ, ವಿಷಯ ತೆಗೆದರು. "ಕೂಸಿನ ಲಿಂಗಧಾರಣಿ ಮಾಡಬೇಕ್ರಿ. ಶೋಕೇಸಿನ್ಯಾಗ ಆ ಸಾಹೇಬರ ಚಮಚಾ ಸುಮ್ಮನ ಬಿದ್ದಾವ. ಮಾಂಸದ ಎಂಜಲ ಅವು, ಮನ್ಯಾಗ ಇಟಗೊಳ್ಳೋದು ಚಲೋ ಅಲ್ಲ. ಬೆಂಕಿಗಿ ಹಾಕಿದ್ರ ಮೈಲಿಗಿ ಹೋಗ್ತದ. ಕರಗಿಸಿ ಕೂಸಿಗಿ ಕರಡಿಗಿ ಮಾಡಸ್ತೀವಿ."

ಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿಯೇ ಕರಡಿಗೆ. ದೇವರ ಮನೆಯದು. ಬೇಡ ಅನ್ನುವ ಬಾಯಿ ಯಾವುದು? ನನ್ನ ಅತ್ತೆಯೂ ಎಂಜಲು ಅಂದಿದ್ದರು, ಆದರೆ ಬೆಂಕಿಯ ಮಾತು ಆಡಿರಲಿಲ್ಲ. ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ.

"ಬೀಗತಿಯವ್ರ, ನಮ್ಮ ಪದ್ಧತಿ ಏನದರಿ? ಕರಡಿಗಿ ತವರಿನಿಂದ ಬರಬೇಕು. ನಾ ತರ್ತೀನಿ. ಹೊಸಾ ಬೆಳ್ಳೀದು, ಯಾರ ಎಂಜಲೂ ಅಲ್ಲ. ಇವು ಇದ್ದಲ್ಲೇ ಇರ್ಲಿ. ನಿಮಗ ಬ್ಯಾಡಾದ್ರ ನನಗ ತಿರಗಿ ಕೊಡ್ರಿ."

"ರುಖವತ್ತಿನ ಸಾಮಾನ ತಿರಗಿ ಕೊಡ್ತಾರೇನ್ರಿ? ಅಪಶಕುನ," ಎಂದು ಅವರು ನಕ್ಕರು. ಆಮೇಲೆ, "ಆತ್ರಿ, ಕರಡಿಗಿ ನೀವೇ ತರ್ರಿ" ಅಂದರು. ಬೀಗರೂ ಅಲ್ಲೇ ಇದ್ದರು, ಅಳಿಯನೂ ಇದ್ದ, ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಎಲ್ಲರ ಮುಂದೆ ಆದ ಮಾತು.

ಊರಿಗೆ ಬಂದು ನನ್ನ ಕಾಲಿನ ಚೈನು ಬಿಚ್ಚಿದೆ. ಮದುವೆಯಲ್ಲಿ ತವರಿನವರು ಹಾಕಿದ್ದು, ದಪ್ಪನೆಯದು. ನಮ್ಮವರನ್ನು ಕೇಳಿದ್ದರೆ ಕೊಡಿಸುತ್ತಿದ್ದರೇನೋ, ಆದರೆ ಕೀಲಿಕೈ ಕೊಟ್ಟ ಕೈಯನ್ನು ಕೇಳಲು ಮನಸ್ಸಾಗಲಿಲ್ಲ. ಉಮರ್ಗಾದ ಪತ್ತಾರನ ಎದುರು ಕೂತು, ಚೈನು ಮೂಸೆಯಲ್ಲಿ ಕೆಂಪಗಾಗಿ ನೀರಾಗುವುದನ್ನು ನೋಡಿದೆ. ಚೆಂದದ ಕರಡಿಗೆ ಮಾಡಿದ, ಗುಂಡಗೆ, ಮಾವಿನ ಮಿಡಿಯಂತೆ. ಅದನ್ನು ಹೊಸ ವಸ್ತ್ರದಲ್ಲಿ ಸುತ್ತಿ ದೇವರ ಮುಂದಿಟ್ಟೆ. ದೇವರು ನನ್ನ ಮಾತು ಕೇಳಿದ ಅಂತಲೇ ನಂಬಿದ್ದೆ.

ಲಿಂಗಧಾರಣೆಯ ಬೆಳಿಗ್ಗೆ ಉದಗೀರಿನ ಮನೆ ತುಂಬ ಜನ. ಪಡಸಾಲೆ ದಾಟುವಾಗ ಶೋಕೇಸು ಖಾಲಿ ಕಂಡಿತು. ಒರೆಸಲು ತೆಗೆದಿರಬಹುದು ಅಂದುಕೊಂಡೆ. ಮನುಷ್ಯರ ಮನಸ್ಸು ಎಂಥದ್ದು ನೋಡಿ. ಒಳಗೆ ಪೂಜೆಯ ತಟ್ಟೆಯಲ್ಲಿ ಹೂವಿನ ನಡುವೆ ಒಂದು ಕರಡಿಗೆ ಆಗಲೇ ಇತ್ತು. ಹೊಸದು, ಕಣ್ಣಿಗೆ ಹೊಡೆಯುವಷ್ಟು ಬಿಳಿ.

"ಇದು ಯಾರದ್ರಿ?" ಅಂದೆ.

"ನಮ್ಮದು," ಅಂದರು ಬೀಗಿತಿ. "ಪತ್ತಾರ ನಮ್ಮ ಗುರ್ತಿನಾಂವ. ಮನೀಗಿ ಬಂದಿದ್ದ, ವಾರ ಚಲೋ ಇತ್ತು, ಮಾಡಿಸಿಬಿಟ್ವಿ."

"ಎಲ್ಲಾರ ಮುಂದ ಮಾತಾಗಿತ್ತಲ್ರೀ?"

"ಆಗಿತ್ತು. ನಿಮ್ಮದೂ ಇರ್ಲಿ, ಬ್ಯಾಡ ಅಂದವ್ರ್ಯಾರು? ಆದ್ರ ಮನಿತನದ್ದು ಅಂತ ಒಂದು ಬೇಕಲ್ರಿ." ಧ್ವನಿ ತಗ್ಗಿಸಿದರು. ತಗ್ಗಿಸಿದ್ದು ಪಕ್ಕದವರಿಗೆ ಕೇಳುವಷ್ಟೇ. "ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅರ್ಧಾ ಸಾಮಾನ ಗಿಲೀಟ ಹೊಂಟ್ವು."

"ಗಿಲೀಟ ಅಂತ ನನಗ ಗೊತ್ತದರಿ. ಕೇಳಿದ್ರ ಹೇಳ್ತಿದ್ದೆ."

"ಅಯ್ಯ ಶಿವನ! ಗೊತ್ತಿದ್ದೂ ರುಖವತ್ತಿಗಿ ಇಟ್ರೇನು?"

ಪಕ್ಕದಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಇಟ್ಟದ್ದಲ್ಲ ಅನ್ನಬೇಕಿತ್ತು. ಅಂದರೆ ನಾದಿನಿಯ ಹೆಸರು ಬರುತ್ತದೆ, ಗಂಡನ ಹೆಸರು ಬರುತ್ತದೆ, ಕೊಟ್ಟ ವಸ್ತುವನ್ನು ಕೊಟ್ಟಿಲ್ಲ ಅಂದ ಹಾಗಾಗುತ್ತದೆ. ಮೋಸದವಳು ಅನಿಸಿಕೊಳ್ಳುವುದೇ ವಾಸಿ ಅಂದುಕೊಂಡೆ.

ಮಠದ ಅಯ್ಯನವರು ಬಂದರು, ಕೂಸಿನ ಹಣೆಗೆ ವಿಭೂತಿ ಹಚ್ಚಿದರು. "ಕರಡಿಗಿ ಯಾರ ಕಡಿದು?" ಎಂದು ಕೇಳಿದರು. "ನಮ್ಮ ಮನಿದ್ರಿ" ಅಂದರು ಬೀಗಿತಿ. ಅದನ್ನೇ ಕಟ್ಟಿದರು. ನಾನು ತಂದದ್ದನ್ನು ಯಾರೋ ಹುಷಾರಾಗಿ ಒಯ್ದು ಖಾಲಿ ಶೋಕೇಸಿನಲ್ಲಿ ಇಟ್ಟರು. ಊಟಕ್ಕೆ ಕೂತಾಗ ಒಬ್ಬ ಮುದುಕಿ ನನ್ನ ಕೈ ಹಿಡಿದು, "ನಿನ್ನ ಬೆಳ್ಳಿ ದೇವರ ಪಾಲಾತು ತಂಗಿ, ಪುಣ್ಯಾ ಮಾಡಿದ್ದಿ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ದೇವರು ಕೇಳಿರಲಿಲ್ಲ. ದೇವರು ನನ್ನ ಯಾವ ಚಮಚವನ್ನೂ ಎಂದೂ ಕೇಳಿರಲಿಲ್ಲ. ಕೇಳಿದವರು ಬೇರೆ, ಹೆಸರು ಅವನದು.

ಮಧ್ಯಾಹ್ನ ಮಗಳು ಒಳಕೋಣೆಯಲ್ಲಿ ಕೂಸನ್ನು ಮಲಗಿಸುತ್ತಿದ್ದಳು. ಹೋಗಿ ಕೂತೆ.

"ಪತ್ತಾರ ಬಂದಾಗ ನೀ ಎಲ್ಲಿದ್ದಿ?"

"ಇಲ್ಲೇ ಇದ್ದೆ."

"ಒಂದ ಫೋನ್ ಮಾಡಬಾರದಿತ್ತಾ?"

ಅವಳು ಕೂಸಿನ ದುಪ್ಪಟಿ ಸರಿಮಾಡಿದಳು. "ಅವ್ವಾ, ನಾನೇ ಆರಿಸಿ ಕೊಟ್ಟೆ. ಅಂವಾ ಎಲ್ಲಾ ಕಾನಸಿಲೆ ಕೆರದು ತಿಕ್ಕಿ ನೋಡ್ತೀನಿ ಅಂತಿದ್ದ. ಬ್ಯಾಡ ಅಂದೆ. ಸಿಂಹ ಇದ್ದದ್ದು ಒಂದ ಕಡಿ ಇಟ್ಟೆ, ಇಲ್ಲದ್ದು ಒಂದ ಕಡಿ."

ನಾನು ಅವಳ ಮುಖವನ್ನೇ ನೋಡಿದೆ.

"ಅತ್ತಿ ಬಾಳ ಮೆಚ್ಚಿದ್ರು. ಇಷ್ಟೆಲ್ಲಾ ಗೊತ್ತದ ನಮ್ಮ ಸೊಸೀಗಿ ಅಂತ ಎಲ್ಲಾರಿಗೂ ಹೇಳಿದ್ರು," ಅಂದಳು. ನನ್ನ ಮುಖ ನೋಡಿ ತಾನೂ ಸೆಟೆದಳು. "ಹಂಗ ನೋಡಬ್ಯಾಡ. ನಾ ಈ ಮನ್ಯಾಗ ಇರಬೇಕಲ್ಲ ಅವ್ವಾ. ನೀ ಇವತ್ತ ಬಂದು ನಾಳಿ ಹೋಗಾಕಿ. ಚಮಚಾದ ಸಲುವಾಗಿ ನಾ ದಿನಾ ಮಾರಿ ಕೆಡಿಸಿಕೊಳ್ಳಲ್ಯಾ?"

ತಪ್ಪು ಏನಿದೆ ಅವಳ ಮಾತಿನಲ್ಲಿ? ಒಂದಕ್ಷರ ತಪ್ಪಿಲ್ಲ. ನಾನು ಅತ್ತೆಯ ಮನೆಯಲ್ಲಿ ಬಾಳಿದ್ದೂ ಹೀಗೇ, ಒಂದೊಂದನ್ನು ಬಿಟ್ಟುಕೊಟ್ಟು. ಆದರೆ ನಾನು ಬಿಟ್ಟುಕೊಟ್ಟದ್ದು ನನ್ನದನ್ನು.

ಗಿಲೀಟಿನವು ಏನಾದವು ಎಂದು ಕೇಳಿದೆ. ಮೋಡಿಗೆ ಹಾಕಿದರಂತೆ. ಸಾಸಿವೆ ಡಬ್ಬಿಯ ನೀಲಿ ಗಾಜು ಮಾತ್ರ ಬಚ್ಚಲಲ್ಲಿ ಇದೆ, ಹಲ್ಲುಪುಡಿ ಹಾಕಲು ಚೆಂದ ಇದೆ ಅಂತ ಅವಳ ಮಾವ ಇಟ್ಟುಕೊಂಡಿದ್ದಾರಂತೆ. ಬೇಕಾದರೆ ಕೇಳಿ ಕೊಡುತ್ತೇನೆ ಅಂದಳು. ಬೇಡ ಅಂದೆ.

ನಾನು, ನಮ್ಮವರು ಸಂಜೆಯ ಬಸ್ಸಿಗೆ ಹೊರಟೆವು. ಹೊರಡುವ ಮೊದಲು ಮನಸ್ಸಿನಲ್ಲೇ ಎಣಿಸಿದೆ, ಅದು ನನ್ನ ರೂಢಿ. ಮಗಳಿಗೆ ಹೊಟ್ಟೆ ತುಂಬ ಊಟ ಇದೆ. ಯಾರೂ ಕೈ ಮಾಡುವುದಿಲ್ಲ. ಅಳಿಯ ದುಡಿಯುತ್ತಾನೆ. ಕೂಸು ಗುಂಡುಗುಂಡಾಗಿದೆ, ಲಿಂಗ ಕಟ್ಟುವಾಗ ಅಳಲೂ ಇಲ್ಲ. ಅತ್ತೆ ಅವಳನ್ನು ನಾಲ್ಕು ಜನರ ಮುಂದೆ ಮೆಚ್ಚುತ್ತಾರೆ, ನನ್ನನ್ನು ಯಾರೂ ಹಾಗೆ ಮೆಚ್ಚಿರಲಿಲ್ಲ. ಇಷ್ಟು ಕೊಟ್ಟಿದ್ದಾನೆ ಶಿವ. ಇದರಲ್ಲಿ ಒಂದನ್ನೂ ನಾನು ಕಡಿಮೆ ಅನ್ನುವುದಿಲ್ಲ.

ಬಾಗಿಲಲ್ಲಿ ಬೀಗಿತಿ ಉಡಿ ತುಂಬಿದರು. ಮಗಳು ಕುಂಕುಮದ ಬಟ್ಟಲು ಹಿಡಿದು ಬಂದು, ಹಚ್ಚಲು ಬೆರಳು ಎತ್ತಿದಳು. ಹಣೆ ಮುಂದೆ ಮಾಡಬೇಕು. ನಾನು ಮಾಡಲಿಲ್ಲ. ಬಹಳ ಹೊತ್ತೇನಲ್ಲ, ಅವಳ ಬೆರಳು ಗಾಳಿಯಲ್ಲಿ ನಿಂತು, ಅವಳು ತಲೆಯೆತ್ತಿ ನನ್ನ ಕಣ್ಣು ನೋಡುವಷ್ಟು ಹೊತ್ತು. ಆಮೇಲೆ ಬಗ್ಗಿದೆ, ಹಚ್ಚಿದಳು. ಬೇರೆ ಯಾರಿಗೂ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ತಿಳಿಯಲಿ ಅಂತಲೇ ನಾನು ತಡ ಮಾಡಿದ್ದು.